ಕೇಸ್ ಸ್ಪರ್ಧೆ: ಓದುಗರ ಪ್ರಶ್ನೆಗಳು, ಉತ್ತರಗಳು

ವಾಣಿಜ್ಯ ಮತ್ತು ನಿರ್ವಹಣಾ ವಿಷಯಗಳ ವಿದ್ಯಾರ್ಥಿಗಳಿಂದ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹಲವು ಕೇಸ್ ಸ್ಪರ್ಧೆಗಳಿಗೆ, ಅಂದರೆ ಒಂದು ಸಂಸ್ಥೆಯ ಸಮಸ್ಯೆಯನ್ನು ಓದಿ ತಂಡವಾಗಿ ತೀರ್ಮಾನ ಮಂಡಿಸುವ ಸ್ಪರ್ಧೆಗಳಿಗೆ, ಸಂಬಂಧಿಸಿದವು. ಒಂದು ಪ್ರಶ್ನೆಗೆ ಕೊಟ್ಟ ಉತ್ತರ ಇನ್ನೊಂದಕ್ಕೂ ನೆರವಾಗುವಂತಿರುವುದರಿಂದ ಅವನ್ನು ಬಿಡಿಬಿಡಿಯಾಗಿ ಪ್ರಕಟಿಸದೆ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬಿ.ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಕಾಲೇಜು ಮೊದಲ ಬಾರಿಗೆ ಕೇಸ್ ಸ್ಪರ್ಧೆಯೊಂದಕ್ಕೆ ತಂಡ ಕಳಿಸುತ್ತಿದೆ. ತರಗತಿಯಲ್ಲಿ ನಾವು ಚರ್ಚಿಸುವ ಕೇಸ್‌ಗೂ ಸ್ಪರ್ಧೆಯಲ್ಲಿ ಕೊಡುವ ಕೇಸ್‌ಗೂ ಏನು ವ್ಯತ್ಯಾಸ? ಇದೂ ಒಂದು ಬಗೆಯ ಭಾಷಣ ಸ್ಪರ್ಧೆಯೇ?

ಉತ್ತರ: ಭಾಷಣ ಸ್ಪರ್ಧೆ ಎಂಬ ಭಾವನೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ನಿರರ್ಗಳವಾಗಿ ಮಾತನಾಡುವ ತಂಡ ಮೊದಲ ಸುತ್ತಿನಲ್ಲೇ ಹೊರಬೀಳುವುದನ್ನೂ, ತಡವರಿಸುತ್ತ ಮಾತನಾಡಿದ ತಂಡ ಅಂತಿಮ ಸುತ್ತಿಗೆ ಏರುವುದನ್ನೂ ತೀರ್ಪುಗಾರರ ಸಾಲಿನಲ್ಲಿ ಕುಳಿತವರು ಕಂಡಿರುತ್ತಾರೆ. ಕೇಸ್ ಎಂದರೆ ಒಂದು ಸಂಸ್ಥೆಯ ನಿಜವಾದ, ಅಥವಾ ಹೆಸರು ಮತ್ತು ಅಂಕಿಗಳನ್ನು ತುಸು ಬದಲಿಸಿದ, ಪರಿಸ್ಥಿತಿಯ ಬರವಣಿಗೆ. ಅದರಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾದ ಒಬ್ಬ ಅಧಿಕಾರಿ ಇರುತ್ತಾರೆ, ಆ ತೀರ್ಮಾನಕ್ಕೊಂದು ಗಡುವು ಇರುತ್ತದೆ, ಆದರೆ ಅದಕ್ಕೆ ಬೇಕಾದ ಮಾಹಿತಿ ಮಾತ್ರ ಎಂದಿಗೂ ಪೂರ್ತಿಯಾಗಿ ಸಿಕ್ಕಿರುವುದಿಲ್ಲ.

ಈ ಪದ್ಧತಿಯ ಬೇರು ಕಾನೂನು ಶಿಕ್ಷಣದಲ್ಲಿದೆ. ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆಗಿದ್ದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ 1870ರ ದಶಕದಲ್ಲಿ ಉಪನ್ಯಾಸದ ಬದಲು ನ್ಯಾಯಾಲಯದ ತೀರ್ಪುಗಳನ್ನೇ ವಿದ್ಯಾರ್ಥಿಗಳ ಮುಂದಿಟ್ಟು ಪ್ರಶ್ನಿಸುವ ಕ್ರಮವನ್ನು ರೂಢಿಗೆ ತಂದರು. 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ಗೆ 1919ರಲ್ಲಿ ಡೀನ್ ಆಗಿ ಬಂದ ವ್ಯಾಲೇಸ್ ಡೊನ್‌ಹಮ್ ಸ್ವತಃ ಕಾನೂನು ಓದಿದವರು. ಅದೇ ಕ್ರಮ ವ್ಯವಹಾರ ಶಿಕ್ಷಣಕ್ಕೂ ಒಗ್ಗುತ್ತದೆಂದು ಅವರು ನಂಬಿ ಅದಕ್ಕೆ ಬೆಂಬಲವಾಗಿ ನಿಂತರು, ಮತ್ತು 1921ರಲ್ಲಿ ‘ಜನರಲ್ ಶೂ ಕಂಪನಿ’ ಎಂಬ ಮೊದಲ ಕೇಸ್ ಸಿದ್ಧವಾಯಿತು. ಕಾನೂನಿನ ಕೇಸ್‌ನ ಕೊನೆಯಲ್ಲಿ ನ್ಯಾಯಾಧೀಶರ ತೀರ್ಪು ಇರುತ್ತದೆ; ವ್ಯವಹಾರದ ಕೇಸ್ ಸಾಮಾನ್ಯವಾಗಿ ತೀರ್ಪಿಗೆ ಮೊದಲೇ ನಿಂತುಬಿಡುತ್ತದೆ. ಅಲ್ಲಿ ಬಿಟ್ಟಿರುವ ಜಾಗವನ್ನು ತುಂಬುವುದೇ ನಿಮ್ಮ ಕೆಲಸ.

ತರಗತಿಯಲ್ಲಿ ಅಧ್ಯಾಪಕರು ಆ ಜಾಗವನ್ನು ಬೇಕೆಂದೇ ತೆರೆದಿಡುತ್ತಾರೆ. ಮೂವತ್ತು ಜನ ಮೂವತ್ತು ಮಾತು ಹೇಳಬಹುದು, ಗಂಟೆ ಮುಗಿಯುವಾಗ ಒಮ್ಮತಕ್ಕೆ ಬರದೇ ಇದ್ದರೂ ತರಗತಿ ಯಶಸ್ವಿಯೇ. ಸ್ಪರ್ಧೆಯಲ್ಲಿ ಹಾಗಾಗುವುದಿಲ್ಲ. ನಾಲ್ವರು ಸೇರಿ ಒಂದು ತೀರ್ಮಾನಕ್ಕೆ ಬರಬೇಕು, ಅದನ್ನು ಇಪ್ಪತ್ತು ಇಪ್ಪತ್ತೈದು ನಿಮಿಷದೊಳಗೆ ಹೇಳಬೇಕು, ಆಮೇಲೆ ಪ್ರಶ್ನೆಗಳ ಎದುರು ಅದನ್ನು ಉಳಿಸಿಕೊಳ್ಳಬೇಕು. ಮಾಂಟ್ರಿಯಲ್‌ನ ಕಾನ್‌ಕಾರ್ಡಿಯಾ ವಿಶ್ವವಿದ್ಯಾಲಯದ ಜಾನ್ ಮೋಲ್ಸನ್ ಸ್ಪರ್ಧೆ 1981ರಲ್ಲಿ ಆರಂಭವಾದದ್ದು, ಎಂ.ಬಿ.ಎ. ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಹಳ ಹೆಸರಾದ ಅದರಲ್ಲಿ ತಂಡಗಳಿಗೆ ಸಿದ್ಧತೆಗೆ ಸಿಗುವುದು ಮೂರು ಗಂಟೆ ಮಾತ್ರ. ಒಂದು ಅಥವಾ ಎರಡು ದಿನ ಕೊಡುವ ಸ್ಪರ್ಧೆಗಳೂ ಇವೆ, ವಾರಗಟ್ಟಲೆ ಸಂಶೋಧನೆ ನಡೆಸಿ ಲಿಖಿತ ವರದಿ ಕೊಡಬೇಕಾದವೂ ಇವೆ. ನಿಮ್ಮ ಸ್ಪರ್ಧೆ ಯಾವ ಬಗೆಯದೆಂದು ನಿಯಮಾವಳಿಯನ್ನು ಓದಿ ಮೊದಲು ತಿಳಿದುಕೊಳ್ಳಿ. ಮೂರು ಗಂಟೆಯ ಸ್ಪರ್ಧೆ ಏನನ್ನು ಬಿಡಬೇಕೆಂಬ ವಿವೇಚನೆಯನ್ನು ಅಳೆಯುತ್ತದೆ. ಮೂರು ವಾರದ ಸ್ಪರ್ಧೆ ಏನನ್ನು ಹುಡುಕಿ ತಂದಿರೆಂದು ಕೇಳುತ್ತದೆ. ಎರಡಕ್ಕೂ ಒಂದೇ ಸಿದ್ಧತೆ ಸಾಲದು.

ಪ್ರಶ್ನೆ: ಕಳೆದ ಸ್ಪರ್ಧೆಯಲ್ಲಿ ಇಪ್ಪತ್ತು ಪುಟಗಳ ಕೇಸ್ ಅನ್ನು ನಾವು ನಾಲ್ವರೂ ಎರಡೆರಡು ಬಾರಿ ಓದಿ, ಮುಖ್ಯವೆನಿಸಿದ್ದಕ್ಕೆಲ್ಲ ಗೆರೆ ಎಳೆದೆವು. ಅಷ್ಟರಲ್ಲಿ ಅರ್ಧ ಸಮಯ ಮುಗಿದಿತ್ತು, ಆದರೂ ಸಮಸ್ಯೆ ಯಾವುದೆಂಬ ಬಗ್ಗೆ ನಮ್ಮಲ್ಲೇ ಒಮ್ಮತವಿರಲಿಲ್ಲ. ಕೇಸ್ ಓದಲು ಸರಿಯಾದ ಕ್ರಮವಿದೆಯೇ?

ಉತ್ತರ: ಇದೆ, ಆದರೆ ಅದು ವೇಗವಾಗಿ ಓದುವ ಕ್ರಮವಲ್ಲ. ಗೆರೆ ಎಳೆಯುತ್ತ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೋಗುವವರಿಗೆ ಎಲ್ಲವೂ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಯಾವುದಕ್ಕೆ ಮುಖ್ಯ ಎಂಬುದು ಅವರಿಗಿನ್ನೂ ತಿಳಿದಿರುವುದಿಲ್ಲ. ಮೊದಲು ಆರಂಭದ ಪ್ಯಾರಾ, ಕೊನೆಯ ಪ್ಯಾರಾ, ನಡುವಿನ ಉಪಶೀರ್ಷಿಕೆಗಳು ಮತ್ತು ಕೊನೆಯಲ್ಲಿರುವ ಕೋಷ್ಟಕಗಳ ತಲೆಬರಹಗಳು, ಇಷ್ಟನ್ನೇ ಓದಿ. ಬಹುತೇಕ ಕೇಸ್‌ಗಳು ಯಾರು, ಯಾವಾಗ, ಯಾವುದರ ಬಗ್ಗೆ ತೀರ್ಮಾನಿಸಬೇಕೆಂಬುದನ್ನು ಆರಂಭದಲ್ಲಿ ಹೇಳಿ, ಕೊನೆಯಲ್ಲಿ ಮತ್ತೆ ಅಲ್ಲಿಗೇ ಬರುತ್ತವೆ. ಆ ಓದು ಮುಗಿದ ಕೂಡಲೇ ಪುಸ್ತಕ ಮುಚ್ಚಿ, ನಾಲ್ವರೂ ಒಬ್ಬರಿಗೊಬ್ಬರು ತೋರಿಸದೆ, “ಈ ಅಧಿಕಾರಿ ಇಂದು ಉತ್ತರಿಸಬೇಕಾದ ಪ್ರಶ್ನೆ ಯಾವುದು?” ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ನಾಲ್ಕು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಾಣುವ ವ್ಯತ್ಯಾಸವೇ, ನೀವು ಅರ್ಧ ಸಮಯ ಕಳೆದ ಮೇಲೆ ಎದುರಿಸಿದ ಭಿನ್ನಾಭಿಪ್ರಾಯ. ಅದು ಹದಿನೈದನೆಯ ನಿಮಿಷದಲ್ಲಿ ಕಂಡರೆ ನಷ್ಟವಿಲ್ಲ, ತೊಂಬತ್ತನೆಯ ನಿಮಿಷದಲ್ಲಿ ಕಂಡರೆ ಸ್ಪರ್ಧೆಯೇ ಕೈತಪ್ಪುತ್ತದೆ.

ಪೂರ್ತಿ ಓದು ಆಮೇಲೆ. ಆಗ ನಿಮ್ಮ ಕೈಯಲ್ಲೊಂದು ಪ್ರಶ್ನೆ ಇರುವುದರಿಂದ, ಪ್ರತಿ ಪ್ಯಾರಾವೂ ಅದಕ್ಕೆ ಪರವೋ, ವಿರುದ್ಧವೋ, ಸಂಬಂಧವಿಲ್ಲದ್ದೋ ಎಂದು ತಾನಾಗಿ ವಿಂಗಡವಾಗುತ್ತ ಹೋಗುತ್ತದೆ. ಸಂಸ್ಥಾಪಕರ ಬಾಲ್ಯ, ಕಟ್ಟಡದ ವರ್ಣನೆ ಮುಂತಾದವನ್ನು ಕೇಸ್ ಬರೆದವರು ಕೆಲವೊಮ್ಮೆ ಬೇಕೆಂದೇ ಸೇರಿಸಿರುತ್ತಾರೆ. ನಿಜವಾದ ಕಚೇರಿಯಲ್ಲೂ ಅಧಿಕಾರಿಯ ಮುಂದೆ ಬೇಕಾದ ಕಾಗದ ಮಾತ್ರ ಬರುವುದಿಲ್ಲವಲ್ಲ. ಕೋಷ್ಟಕಗಳನ್ನಂತೂ ಒಬ್ಬರಿಗೇ ಬಿಡಬೇಡಿ. ಕೇಸ್‌ನ ಪಾತ್ರಗಳು ಹೇಳುವುದಕ್ಕೂ ಕೋಷ್ಟಕಗಳು ತೋರಿಸುವುದಕ್ಕೂ ಹೊಂದಿಕೆಯಾಗದ ಕಡೆ ನಿಂತು ನೋಡಿ. ಮಾರಾಟ ವಿಭಾಗದ ಮುಖ್ಯಸ್ಥರು ಬೆಲೆ ಹೆಚ್ಚಾಗಿರುವುದರಿಂದ ಗ್ರಾಹಕರು ಹೋಗುತ್ತಿದ್ದಾರೆ ಎನ್ನುತ್ತಾರೆ, ಆದರೆ ಅನುಬಂಧದಲ್ಲಿ ದೂರುಗಳ ಪಟ್ಟಿಯ ಮೇಲ್ಗಡೆ ತಡವಾದ ವಿತರಣೆ ಇರುತ್ತದೆ: ಇಂಥ ಬಿರುಕಿನಲ್ಲೇ ಎಷ್ಟೋ ಸಲ ಕೇಸ್‌ನ ಜೀವ ಇರುತ್ತದೆ.

ಸಮಸ್ಯೆಯನ್ನು ತಪ್ಪಾಗಿ ಹಿಡಿದರೆ ಒಳ್ಳೆಯ ವಿಶ್ಲೇಷಣೆಯೂ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಕೋಕಾಕೋಲಾ ಕಂಪನಿಯ 1985ರ ನಿರ್ಧಾರಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿಯದು. ಪೆಪ್ಸಿಯ ಪೈಪೋಟಿಯಿಂದ ಕಂಗೆಟ್ಟಿದ್ದ ಕಂಪನಿ ಸುಮಾರು ಎರಡು ಲಕ್ಷ ಗ್ರಾಹಕರಿಗೆ ಪಾನೀಯ ಕುಡಿಸಿ ಅಭಿಪ್ರಾಯ ಕೇಳಿತು; ಹೊಸ ರುಚಿ ಗೆದ್ದಿತು. ಏಪ್ರಿಲ್‌ನಲ್ಲಿ ಹಳೆಯ ಸೂತ್ರವನ್ನು ನಿಲ್ಲಿಸಿ ಹೊಸದನ್ನು ಮಾರುಕಟ್ಟೆಗೆ ಬಿಟ್ಟಾಗ ಜನರ ಸಿಟ್ಟು ಎಷ್ಟು ಜೋರಾಗಿತ್ತೆಂದರೆ, 79 ದಿನಗಳಲ್ಲಿ ಹಳೆಯದನ್ನು ವಾಪಸು ತರಬೇಕಾಯಿತು. ಸಮೀಕ್ಷೆಯ ಅಂಕಿಗಳು ಸುಳ್ಳಾಗಿರಲಿಲ್ಲ. “ಯಾವುದು ಹೆಚ್ಚು ರುಚಿ?” ಎಂಬ ಪ್ರಶ್ನೆಗೆ ಅವು ನಿಷ್ಠೆಯಿಂದ ಉತ್ತರಿಸಿದ್ದವು, “ಹಳೆಯದನ್ನು ಕಿತ್ತುಕೊಂಡರೆ ನಿಮಗೆ ಹೇಗನ್ನಿಸುತ್ತದೆ?” ಎಂಬ ಪ್ರಶ್ನೆ ಬೇರೆಯದೇ ಆಗಿತ್ತು. ಸ್ಪರ್ಧೆಯ ತಂಡಗಳು ಸೋಲುವುದೂ ಹೆಚ್ಚಾಗಿ ಇಲ್ಲಿಯೇ.

ಪ್ರಶ್ನೆ: ನಾವು ಸ್ವಾಟ್ (ಸಂಸ್ಥೆಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳ ಪಟ್ಟಿ), ಪೋರ್ಟರ್ ಅವರ ಐದು ಶಕ್ತಿಗಳು, ನಾಲ್ಕು ‘ಪಿ’ಗಳು (ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ), ಬಿ.ಸಿ.ಜಿ. ಕೋಷ್ಟಕ ಎಲ್ಲವನ್ನೂ ಸ್ಲೈಡ್‌ಗಳಲ್ಲಿ ಅಚ್ಚುಕಟ್ಟಾಗಿ ತೋರಿಸಿದ್ದೆವು. ತೀರ್ಪುಗಾರರು “ಪಠ್ಯಪುಸ್ತಕದಂತಿದೆ” ಎಂದರು. ಕಲಿತದ್ದನ್ನು ಬಳಸುವುದೇ ತಪ್ಪೇ?

ಉತ್ತರ: ಬಳಸುವುದು ತಪ್ಪಲ್ಲ, ಪ್ರದರ್ಶನಕ್ಕೆ ಇಡುವುದು ತಪ್ಪು. ಈ ಚೌಕಟ್ಟುಗಳಲ್ಲಿ ಪ್ರತಿಯೊಂದೂ ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕಲು ಹುಟ್ಟಿದ್ದು. ಮೈಕೆಲ್ ಪೋರ್ಟರ್ 1979ರಲ್ಲಿ ಐದು ಶಕ್ತಿಗಳ (ಈಗಿರುವ ಪ್ರತಿಸ್ಪರ್ಧಿಗಳು, ಹೊಸದಾಗಿ ಬರುವವರು, ಬದಲಿ ಉತ್ಪನ್ನಗಳು, ಪೂರೈಸುವವರು, ಗ್ರಾಹಕರು) ವಿಚಾರವನ್ನು ಮಂಡಿಸಿದಾಗ ಅವರ ಪ್ರಶ್ನೆ, ಕೆಲವು ಉದ್ಯಮಗಳಲ್ಲಿ ಲಾಭ ಏಕೆ ನಿಲ್ಲುತ್ತದೆ, ಕೆಲವದರಲ್ಲಿ ಏಕೆ ಸೋರಿಹೋಗುತ್ತದೆ ಎಂಬುದು. ಹೊಸ ಉದ್ಯಮವೊಂದನ್ನು ಪ್ರವೇಶಿಸಬೇಕೇ ಬೇಡವೇ ಎಂಬ ಕೇಸ್‌ಗೆ ಅದು ಹೇಳಿ ಮಾಡಿಸಿದ್ದು. ಒಳಗಿನ ಇಬ್ಬರು ವ್ಯವಸ್ಥಾಪಕರ ಜಗಳದಿಂದ ಉತ್ಪಾದನೆ ಕುಂಠಿತವಾದ ಕೇಸ್‌ಗೆ ಅದರಿಂದ ಏನೂ ಪ್ರಯೋಜನವಿಲ್ಲ. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ (ಬಿ.ಸಿ.ಜಿ.) ಕೋಷ್ಟಕ 1970ರ ಹೊತ್ತಿಗೆ ಹುಟ್ಟಿದ್ದು ಹಲವು ವ್ಯವಹಾರಗಳಿರುವ ದೊಡ್ಡ ಕಂಪನಿಗಳು ಹಣವನ್ನು ಎಲ್ಲಿಂದ ತೆಗೆದು ಎಲ್ಲಿಗೆ ಹಾಕಬೇಕೆಂದು ನಿರ್ಧರಿಸಲು. ಒಂದೇ ಉತ್ಪನ್ನದ ಸಣ್ಣ ಕಂಪನಿಯನ್ನು ಅದರಲ್ಲಿ ಕೂರಿಸಿದರೆ ಒಂದು ಚೌಕದಲ್ಲಿ ಒಂದು ಚುಕ್ಕೆ ಕಾಣುತ್ತದೆ, ಅಷ್ಟೇ.

ಯಾವುದೇ ಚೌಕಟ್ಟನ್ನು ತುಂಬಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ತುಂಬಿದ್ದರಿಂದ ನಮ್ಮ ತೀರ್ಮಾನದಲ್ಲಿ ಏನು ಬದಲಾಯಿತು? ಏನೂ ಬದಲಾಗಲಿಲ್ಲವೆಂದರೆ ಅದನ್ನು ನೋಟ್‌ಬುಕ್‌ನಲ್ಲೇ ಬಿಡಿ. ಬದಲಾಯಿತೆಂದರೆ ಆ ಬದಲಾವಣೆಯನ್ನು ಮಾತ್ರ ಸ್ಲೈಡ್‌ಗೆ ತನ್ನಿ, ಅದೂ ವಾಕ್ಯರೂಪದಲ್ಲಿ. “ಐದು ಶಕ್ತಿಗಳ ವಿಶ್ಲೇಷಣೆ” ಎಂಬ ಶೀರ್ಷಿಕೆ ತೀರ್ಪುಗಾರರಿಗೆ ಏನನ್ನೂ ತಿಳಿಸುವುದಿಲ್ಲ. “ಬಿಡಿಭಾಗ ಪೂರೈಸುವವರು ಇಬ್ಬರೇ ಇರುವುದರಿಂದ ಬೆಲೆ ಏರಿಕೆಯ ಲಾಭ ಅವರ ಪಾಲಾಗುತ್ತದೆ” ಎಂಬ ಶೀರ್ಷಿಕೆ ಒಂದು ವಾದವನ್ನು ಮುಂದಿಡುತ್ತದೆ. ನಿಮ್ಮ ಸ್ಲೈಡ್‌ಗಳ ಶೀರ್ಷಿಕೆಗಳನ್ನಷ್ಟೇ ಒಂದರ ಕೆಳಗೊಂದು ಬರೆದು ಓದಿದರೆ ಇಡೀ ವಾದ ಅರ್ಥವಾಗಬೇಕು. ಅರ್ಥವಾಗದಿದ್ದರೆ ಬಣ್ಣ, ಚಿತ್ರ, ವಿನ್ಯಾಸ ಯಾವುದೂ ನಿಮ್ಮನ್ನು ಕಾಪಾಡದು. ಸ್ವಾಟ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟು: ಮೂರು ಗಂಟೆಯ ಸ್ಪರ್ಧೆಯಲ್ಲಿ ಅದಕ್ಕೆ ಒಂದು ಸ್ಲೈಡ್ ಕೊಡುವುದೆಂದರೆ ತೀರ್ಪುಗಾರರು ಆಗಲೇ ಓದಿರುವ ಕೇಸ್ ಅನ್ನು ಅವರಿಗೆ ಮತ್ತೆ ಓದಿ ಹೇಳುವುದು.

ಪ್ರಶ್ನೆ: ತಂಡದಲ್ಲಿ ಲೆಕ್ಕದ ಭಾಗ ನನ್ನದು. ಮೂರು ಗಂಟೆಯಲ್ಲಿ ಐದು ವರ್ಷಗಳ ಆದಾಯ ಪಟ್ಟಿ, ಆಸ್ತಿ-ಹೊಣೆ ಪಟ್ಟಿ ಎಲ್ಲವನ್ನೂ ಅಂದಾಜಿಸಲು ಹೋಗಿ ಪ್ರತಿ ಸಲವೂ ಸಮಯ ಸಾಲುವುದಿಲ್ಲ. ಯಾವ ಲೆಕ್ಕ ಮಾಡಬೇಕು, ಯಾವುದನ್ನು ಬಿಡಬೇಕು?

ಉತ್ತರ: ಈ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಒಳ್ಳೆಯ ಯೋಚನೆಯಿರುವ ತಂಡಗಳು ಕೂಡ ಲೆಕ್ಕದ ಸ್ಲೈಡ್ ಬಂದಾಗ ಕುಸಿಯುವುದನ್ನು ನೋಡಿ ಬೇಸರಪಟ್ಟಿದ್ದೇನೆ. ಆ ಸ್ಲೈಡ್‌ನಲ್ಲಿ ಸಣ್ಣ ಅಕ್ಷರಗಳಲ್ಲಿ ನೂರು ಅಂಕಿಗಳಿರುತ್ತವೆ, ಆದರೆ ಶಿಫಾರಸಿಗೆ ಆಧಾರವಾದ ಅಂಕಿ ಯಾವುದೆಂದು ಕೇಳಿದರೆ ಉತ್ತರ ಬರುವುದಿಲ್ಲ.

ಸಣ್ಣ ಲೆಕ್ಕದಿಂದ ಆರಂಭಿಸಿ. ಒಂದು ಕಂಪನಿಯ ಉತ್ಪನ್ನದ ಬೆಲೆ 500, ಪ್ರತಿಯೊಂದನ್ನು ತಯಾರಿಸಿ ತಲುಪಿಸಲು ತಗಲುವ ಬದಲಾಗುವ ವೆಚ್ಚ 300, ವರ್ಷದ ಸ್ಥಿರ ವೆಚ್ಚ 40 ಲಕ್ಷ ಎಂದಿಟ್ಟುಕೊಳ್ಳೋಣ. ಹಣ ಯಾವ ದೇಶದ್ದಾದರೂ ಲೆಕ್ಕ ಒಂದೇ. ಒಂದು ಉತ್ಪನ್ನ ಮಾರಿದರೆ ಸ್ಥಿರ ವೆಚ್ಚದ ಕಡೆಗೆ ಉಳಿಯುವುದು 200. ಹಾಗಾದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಬ್ರೇಕ್-ಈವನ್ ಮಟ್ಟ ತಲುಪಲು 20,000 ಉತ್ಪನ್ನಗಳನ್ನು ಮಾರಬೇಕು. ಈಗ ತಂಡದಲ್ಲಿ ಯಾರೋ “ಬೆಲೆಯನ್ನು ಶೇಕಡ 10ರಷ್ಟು ಇಳಿಸೋಣ” ಎನ್ನುತ್ತಾರೆ. ಕೇಳಲು ಅಲ್ಪ ಬದಲಾವಣೆ. ಆದರೆ ಬೆಲೆ 450ಕ್ಕೆ ಇಳಿದಾಗ ಪ್ರತಿ ಉತ್ಪನ್ನದಿಂದ ಉಳಿಯುವುದು 150 ಮಾತ್ರ, ಬ್ರೇಕ್-ಈವನ್‌ಗೆ ಬೇಕಾಗುವ ಮಾರಾಟ ಸುಮಾರು 26,667. ಅಂದರೆ ಬೆಲೆ ಹತ್ತನೆಯ ಒಂದು ಭಾಗ ಇಳಿದರೆ ಮಾರಾಟ ಮೂರನೆಯ ಒಂದು ಭಾಗ ಏರಬೇಕು, ಅದೂ ಇದ್ದಲ್ಲೇ ಇರುವುದಕ್ಕೆ. ಕೇಸ್‌ನ ಅನುಬಂಧದಲ್ಲಿ ಇಡೀ ಮಾರುಕಟ್ಟೆ ವರ್ಷಕ್ಕೆ 1,00,000 ಉತ್ಪನ್ನಗಳು ಎಂದಿದ್ದರೆ, ನೀವು ಕೇಳುತ್ತಿರುವುದು ಶೇಕಡ 20ರ ಬದಲು ಸುಮಾರು 27ರಷ್ಟು ಪಾಲು. ಪ್ರತಿಸ್ಪರ್ಧಿಗಳು ಸುಮ್ಮನಿರುತ್ತಾರೆಯೇ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಹುಟ್ಟುತ್ತದೆ. ಐದು ನಿಮಿಷದ ಈ ಲೆಕ್ಕ, ಐದು ವರ್ಷಗಳ ಆದಾಯ ಪಟ್ಟಿಗಿಂತ ಹೆಚ್ಚು ಕೆಲಸ ಮಾಡಿತು.

ಹೂಡಿಕೆಯ ಕೇಸ್‌ಗಳಲ್ಲಿ ನಿವ್ವಳ ವರ್ತಮಾನ ಮೌಲ್ಯ (ಮುಂದೆ ಬರುವ ಹಣದ ಇಂದಿನ ಮೌಲ್ಯದಲ್ಲಿ ಹೂಡಿಕೆಯನ್ನು ಕಳೆದು ಉಳಿಯುವುದು) ಬೇಕೇ ಬೇಕು, ಆದರೆ ಒಂದೇ ಅಂಕಿಯನ್ನು ಹೇಳಿ ಕುಳಿತುಬಿಡಬಾರದು. ಈಗ 100 ಲಕ್ಷ ಹೂಡಿದರೆ ಮುಂದಿನ ಐದು ವರ್ಷ ವರ್ಷಕ್ಕೆ 30 ಲಕ್ಷದಂತೆ ನಗದು ಬರುತ್ತದೆ, ಬಂಡವಾಳದ ವೆಚ್ಚ, ಅಂದರೆ ಹಣ ಕೊಟ್ಟವರು ವರ್ಷಕ್ಕೆ ನಿರೀಕ್ಷಿಸುವ ಪ್ರತಿಫಲ, ಶೇಕಡ 12 ಎಂದುಕೊಂಡರೆ, ಬರುವ ಹಣದ ಇಂದಿನ ಮೌಲ್ಯ ಸುಮಾರು 108.1 ಲಕ್ಷ, ಯೋಜನೆ 8.1 ಲಕ್ಷದಷ್ಟು ಮೌಲ್ಯ ಸೇರಿಸುತ್ತದೆ. ಬಂಡವಾಳದ ವೆಚ್ಚ ಶೇಕಡ 15 ಆದರೆ ಆ 8.1 ಲಕ್ಷ ಅರ್ಧ ಲಕ್ಷದ ಆಸುಪಾಸಿಗೆ ಕರಗುತ್ತದೆ. ಶೇಕಡ 12ರಲ್ಲೇ ಇದ್ದು, ಕಾರ್ಖಾನೆ ಒಂದು ವರ್ಷ ತಡವಾಗಿ ಆರಂಭವಾದರೆ ಬರುವ ಹಣದ ಇಂದಿನ ಮೌಲ್ಯ 96.6 ಲಕ್ಷಕ್ಕೆ ಇಳಿದು ಯೋಜನೆ ನಷ್ಟದ ಕಡೆ ವಾಲುತ್ತದೆ. ಈಗ ನಿಮ್ಮ ತಂಡಕ್ಕೆ ಗೊತ್ತಾದದ್ದು ಒಂದು ದೊಡ್ಡ ವಿಷಯ: ಈ ಯೋಜನೆಗೆ ಅತಿ ದೊಡ್ಡ ಅಪಾಯ ಬೇಡಿಕೆಯದ್ದಲ್ಲದಿರಬಹುದು, ವಿಳಂಬದ್ದು. ಹಾಗಿದ್ದ ಮೇಲೆ ಜಾರಿ ಯೋಜನೆಯಲ್ಲಿ ಪರವಾನಗಿ, ಯಂತ್ರಗಳ ಆಗಮನ, ಗುತ್ತಿಗೆದಾರರ ಷರತ್ತುಗಳ ಬಗ್ಗೆ ಹೇಳದೆ ಜಾಹೀರಾತಿನ ಬಗ್ಗೆ ಎರಡು ಸ್ಲೈಡ್ ಮಾಡಿದರೆ ಲೆಕ್ಕಕ್ಕೂ ಮಾತಿಗೂ ಸಂಬಂಧ ಕಡಿದಂತೆ.

ಬಿಡಬೇಕಾದದ್ದು ಯಾವುದೆಂಬುದಕ್ಕೂ ಇದರಿಂದಲೇ ಉತ್ತರ ಸಿಗುತ್ತದೆ. ಯಾವ ಅಂಕಿ ಬದಲಾದರೆ ನಿಮ್ಮ ಶಿಫಾರಸು ಬದಲಾಗುವುದಿಲ್ಲವೋ ಆ ಅಂಕಿಯ ಮೇಲೆ ಹೊತ್ತು ಕಳೆಯಬೇಡಿ. ಯಾವ ಊಹೆಯ ಮೇಲೆ ಎಲ್ಲವೂ ನಿಂತಿದೆಯೋ ಅದನ್ನು ಸ್ಲೈಡ್‌ನಲ್ಲಿ ದೊಡ್ಡದಾಗಿ ಬರೆದು, ಕೇಸ್‌ನ ಯಾವ ಕೋಷ್ಟಕದಿಂದ ಬಂತೆಂದು ತಿಳಿಸಿ. ಕೇಸ್‌ನಲ್ಲಿಲ್ಲದೆ ನೀವೇ ಅಂದಾಜಿಸಿದ್ದಾದರೆ ಹಾಗೆಂದೇ ಹೇಳಿ. ಮತ್ತೊಂದು ಮಾತು: 18,43,271 ಎಂದು ಬರೆಯಬೇಡಿ, ಸುಮಾರು 18 ಲಕ್ಷ ಎನ್ನಿ. ಅಂದಾಜಿನ ಮೇಲೆ ನಿಂತ ಲೆಕ್ಕಕ್ಕೆ ಕೊನೆಯ ಅಂಕೆಯವರೆಗಿನ ಖಚಿತತೆ ಒಪ್ಪುವುದಿಲ್ಲ, ಅನುಭವಿಗಳ ಕಣ್ಣಿಗೆ ಅದು ಥಟ್ಟನೆ ಬೀಳುತ್ತದೆ.

ಪ್ರಶ್ನೆ: ಎರಡು ಪರ್ಯಾಯಗಳ ನಡುವೆ ನಮ್ಮ ತಂಡ ಇಬ್ಬರು–ಇಬ್ಬರಾಗಿ ಒಡೆಯಿತು. ಕೊನೆಗೆ ಜಗಳ ಬೇಡವೆಂದು ಎರಡನ್ನೂ ಸೇರಿಸಿ, “ಸದ್ಯಕ್ಕೆ ಸ್ವಲ್ಪ ವಿಸ್ತರಣೆ, ಜೊತೆಗೆ ಸ್ವಲ್ಪ ವೆಚ್ಚ ಕಡಿತ” ಎಂದು ಶಿಫಾರಸು ಮಾಡಿದೆವು. ಅದಕ್ಕೆ ತುಂಬ ಕಡಿಮೆ ಅಂಕ ಬಂತು. ಸಮತೋಲನದ ಉತ್ತರ ಏಕೆ ಕೂಡದು?

ಉತ್ತರ: ನಿಮ್ಮ ಶಿಫಾರಸು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. ಎರಡೂ ಕೆಲಸಕ್ಕೆ ಹಣ, ಜನ ಮತ್ತು ಮುಖ್ಯಸ್ಥರ ಗಮನ ಬೇಕು. ಮೂರೂ ಎರಡಕ್ಕೆ ಸಾಲುವಷ್ಟಿದ್ದಿದ್ದರೆ ಕೇಸ್ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಎರಡು ದಾರಿಗಳನ್ನು ಬೆರೆಸುವುದು ಕೆಲವೊಮ್ಮೆ ನಿಜಕ್ಕೂ ಸರಿಯಾದ ಉತ್ತರವಾಗಿರುತ್ತದೆ, ಆದರೆ ಆಗ ಯಾವುದು ಮೊದಲು, ಯಾವುದು ಆಮೇಲೆ, ಒಂದರಿಂದ ಇನ್ನೊಂದಕ್ಕೆ ಹೋಗಲು ಏನು ಕಾಣಬೇಕು ಎಂಬುದನ್ನು ಹೇಳಬೇಕಾಗುತ್ತದೆ. ನೀವು ಬೆರೆಸಿದ್ದು ಕಂಪನಿಗೆ ಒಳ್ಳೆಯದಾಗಲೆಂದಲ್ಲ, ತಂಡದಲ್ಲಿ ಶಾಂತಿ ಉಳಿಯಲೆಂದು. ತೀರ್ಪುಗಾರರು ಅದನ್ನು ಗುರುತಿಸಿದರು.

ಇಂಥ ಸಂದರ್ಭಕ್ಕೆ ಒಂದು ಕ್ರಮವಿದೆ. ಪರ್ಯಾಯಗಳನ್ನು ಚರ್ಚಿಸುವ ಮೊದಲೇ ಅಳತೆಗೋಲುಗಳನ್ನು ಒಪ್ಪಿಕೊಳ್ಳಿ: ಈ ಕೇಸ್‌ನ ಅಧಿಕಾರಿಗೆ ನಗದು ಮುಖ್ಯವೇ, ಸಮಯವೇ, ಸಂಸ್ಥೆಯ ಹೆಸರೇ, ಉದ್ಯೋಗಿಗಳ ನಂಬಿಕೆಯೇ? ಎರಡು ಅಥವಾ ಮೂರು ಸಾಕು, ಅವುಗಳಲ್ಲಿ ಯಾವುದು ಮೊದಲಿನದೆಂದು ಕೇಸ್‌ನಿಂದಲೇ ತೋರಿಸಿ. ಆಮೇಲೂ ಒಡಕು ಉಳಿದರೆ ಎರಡೂ ಪಕ್ಷದವರು ಎದುರು ಪಕ್ಷದ ವಾದವನ್ನು ತಾವೇ ಐದು ನಿಮಿಷ ಮಂಡಿಸಲಿ. ಹಾಗೆ ಮಂಡಿಸುವಾಗ ಸಾಮಾನ್ಯವಾಗಿ ಒಂದು ಕಡೆಯವರ ಧ್ವನಿ ಗಟ್ಟಿಯಾಗುತ್ತದೆ. ಗಟ್ಟಿಯಾಗದಿದ್ದರೆ, ಮೊದಲೇ ಒಪ್ಪಿ ನೇಮಿಸಿದ ಒಬ್ಬರು ನಿರ್ಧರಿಸಲಿ, ಉಳಿದವರು ಅದನ್ನು ತಮ್ಮದೇ ಎಂದು ಹೊತ್ತುಕೊಳ್ಳಲಿ. ಬಿಟ್ಟ ಪರ್ಯಾಯವನ್ನೂ ಮರೆಮಾಚಬೇಡಿ. ಅದು ಏಕೆ ಒಳ್ಳೆಯದು, ಆದರೂ ಏಕೆ ಬಿಟ್ಟಿರಿ, ಬಿಟ್ಟದ್ದರಿಂದ ಯಾರಿಗೆ ಏನು ನಷ್ಟ ಎಂಬುದನ್ನು ಒಂದು ಸ್ಲೈಡ್‌ನಲ್ಲಿ ಪ್ರಾಮಾಣಿಕವಾಗಿ ಹೇಳಿದ ತಂಡದ ಮೇಲೆ ನನಗೆ ನಂಬಿಕೆ ಬರುತ್ತದೆ. ಕಾರ್ಖಾನೆ ಮುಚ್ಚಬೇಕೆಂದು ಶಿಫಾರಸು ಮಾಡಿ, ಕೆಲಸ ಕಳೆದುಕೊಳ್ಳುವವರ ಬಗ್ಗೆ ಒಂದು ಮಾತನ್ನೂ ಆಡದ ಪ್ರೆಸೆಂಟೇಷನ್ ಎಷ್ಟೇ ಚೆನ್ನಾಗಿದ್ದರೂ ಅಪೂರ್ಣ.

ಪ್ರಶ್ನೆ: “ಜಾರಿಯ ಭಾಗ ದುರ್ಬಲ” ಎಂಬ ಟಿಪ್ಪಣಿ ನಮಗೆ ಪ್ರತಿ ಸಲವೂ ಬರುತ್ತದೆ. ವೇಳಾಪಟ್ಟಿ, ಬಜೆಟ್, ಜವಾಬ್ದಾರಿಗಳು ಎಲ್ಲವೂ ಸ್ಲೈಡ್‌ನಲ್ಲಿರುತ್ತವೆ. ಇನ್ನೇನು ಬೇಕು?

ಉತ್ತರ: ನಿಮ್ಮ ಯೋಜನೆ ತಪ್ಪೆಂದು ತಿಳಿಯುವುದು ಯಾವಾಗ, ತಿಳಿದಾಗ ಏನು ಮಾಡುತ್ತೀರಿ ಎಂಬುದು ಬೇಕು. ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗಳ ಸರಣಿ 2012ರಲ್ಲಿ ರಿಯಾಯಿತಿ ಕೂಪನ್‌ಗಳನ್ನು ಕೈಬಿಟ್ಟು, ಪ್ರತಿದಿನವೂ ಒಂದೇ ನೇರ ಬೆಲೆ ಎಂಬ ನೀತಿಯನ್ನು ಎಲ್ಲ ಮಳಿಗೆಗಳಲ್ಲೂ ಒಮ್ಮೆಗೇ ತಂದಿತು. ಮೊದಲು ಕೆಲವೇ ಮಳಿಗೆಗಳಲ್ಲಿ ಪ್ರಯೋಗಿಸಿ ನೋಡುವ ದಾರಿಯನ್ನು ಹಿಡಿಯಲಿಲ್ಲ. ಆ ವರ್ಷ ಮಾರಾಟ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಮುಖ್ಯ ಕಾರ್ಯನಿರ್ವಾಹಕ ರಾನ್ ಜಾನ್ಸನ್ ಹುದ್ದೆ ಬಿಡಬೇಕಾಯಿತು. ಕಾಗದದ ಮೇಲೆ ಆ ನೀತಿಗೆ ತರ್ಕವಿತ್ತು. ಹಿಂದಿರುಗುವ ದಾರಿ ಇರಲಿಲ್ಲ.

ಆದ್ದರಿಂದ ಹನ್ನೆರಡು ತಿಂಗಳ ಬಣ್ಣದ ಪಟ್ಟಿಯ ಬದಲು ಮೊದಲ ತೊಂಬತ್ತು ದಿನಗಳನ್ನು ಬಿಡಿಸಿ ಹೇಳಿ. ಯಾವ ಪ್ರದೇಶದಲ್ಲಿ ಅಥವಾ ಯಾವ ಗ್ರಾಹಕರ ಗುಂಪಿನಲ್ಲಿ ಮೊದಲು ಪ್ರಯೋಗ, ಯಾವ ಅಂಕಿಯನ್ನು ನೋಡುತ್ತೀರಿ, ಅದು ಎಷ್ಟಕ್ಕಿಂತ ಕೆಳಗಿಳಿದರೆ ನಿಲ್ಲಿಸುತ್ತೀರಿ, ಈ ಕೆಲಸವನ್ನು ಮಾಡಬೇಕಾದವರಲ್ಲಿ ಯಾರು ವಿರೋಧಿಸಬಹುದು ಎಂಬುದನ್ನು ಕೇಸ್‌ನ ಪಾತ್ರಗಳ ಹೆಸರು ಹಿಡಿದೇ ಹೇಳಿ. ಮೂರನೇ ಪುಟದಲ್ಲಿ ಹೊಸ ತಂತ್ರಾಂಶವನ್ನು ವಿರೋಧಿಸಿದ ವ್ಯವಸ್ಥಾಪಕರನ್ನೇ ನಿಮ್ಮ ಸ್ಲೈಡ್ ಆ ತಂತ್ರಾಂಶದ ಜಾರಿಗೆ ಹೊಣೆ ಮಾಡಿದ್ದರೆ, ನೀವು ಕೇಸ್ ಓದಿಲ್ಲವೆಂದು ತೀರ್ಪುಗಾರರು ತಿಳಿಯುತ್ತಾರೆ.

ಪ್ರಶ್ನೆ: ಪ್ರೆಸೆಂಟೇಷನ್ ಚೆನ್ನಾಗಿ ಆಗುತ್ತದೆ, ಆದರೆ ತೀರ್ಪುಗಾರರ ಪ್ರಶ್ನೆಗಳು ಶುರುವಾದ ಕೂಡಲೇ ಕೈಕಾಲು ನಡುಗುತ್ತದೆ. ಉತ್ತರ ಗೊತ್ತಿಲ್ಲದಾಗ ಏನು ಹೇಳಬೇಕು?

ಉತ್ತರ: ಪ್ರಶ್ನೆಗಳು ನಿಮ್ಮನ್ನು ಬೀಳಿಸಲೆಂದು ಬರುವುದಿಲ್ಲ ಎಂಬುದನ್ನು ನಂಬಿ. ತೀರ್ಪುಗಾರರಲ್ಲಿ ಅನೇಕರು ಸಂಸ್ಥೆಗಳಲ್ಲಿ ಹೊಣೆ ಹೊತ್ತವರು; ಯಾರಾದರೂ ಹಣ ಕೇಳಲು ಬಂದಾಗ ತಾವು ಕೇಳುವ ಪ್ರಶ್ನೆಗಳನ್ನೇ ಅವರು ಇಲ್ಲಿಯೂ ಕೇಳುತ್ತಾರೆ. ಅವು ಬಹುಮಟ್ಟಿಗೆ ಊಹಿಸಬಹುದಾದವು. ನಿಮ್ಮ ಮುಖ್ಯ ಊಹೆ ತಪ್ಪಾದರೆ ಏನು, ಇನ್ನೊಂದು ಪರ್ಯಾಯವನ್ನು ಏಕೆ ಬಿಟ್ಟಿರಿ, ಪ್ರತಿಸ್ಪರ್ಧಿ ಹೇಗೆ ಪ್ರತಿಕ್ರಿಯಿಸುತ್ತಾನೆ, ಬಜೆಟ್ ಅರ್ಧಕ್ಕೆ ಇಳಿದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ: ಈ ನಾಲ್ಕಕ್ಕೆ ಉತ್ತರವನ್ನೂ ಒಂದೊಂದು ಹೆಚ್ಚುವರಿ ಸ್ಲೈಡನ್ನೂ ಸಿದ್ಧವಾಗಿಟ್ಟುಕೊಂಡರೆ ಭಯದ ಬಹುಪಾಲು ಅಲ್ಲಿಯೇ ಕಡಿಮೆಯಾಗುತ್ತದೆ.

ಪ್ರಶ್ನೆ ಪೂರ್ತಿ ಮುಗಿಯುವವರೆಗೆ ಕೇಳಿಸಿಕೊಳ್ಳಿ. ಹೌದು ಅಥವಾ ಇಲ್ಲ ಎಂದು ಮೊದಲು ಹೇಳಿ, ಕಾರಣ ಆಮೇಲೆ ಕೊಡಿ. ಒಬ್ಬರು ಉತ್ತರಿಸಿದ ಮೇಲೆ ಇನ್ನಿಬ್ಬರು “ಇದಕ್ಕೆ ಸೇರಿಸುವುದಾದರೆ” ಎಂದು ಎದ್ದು ನಿಂತರೆ ಮೊದಲ ಉತ್ತರ ಸಾಲಲಿಲ್ಲವೆಂದು ನೀವೇ ಸಾರಿದಂತಾಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ, ಆದರೆ ಅಲ್ಲಿಗೇ ನಿಲ್ಲಬೇಡಿ: “ಆ ಮಾಹಿತಿ ಕೇಸ್‌ನಲ್ಲಿಲ್ಲ, ನಾವು ಹೀಗೆಂದು ಊಹಿಸಿದ್ದೇವೆ, ಊಹೆ ಇಷ್ಟರ ಮಟ್ಟಿಗೆ ತಪ್ಪಾದರೂ ನಮ್ಮ ಶಿಫಾರಸು ನಿಲ್ಲುತ್ತದೆ, ಅದಕ್ಕಿಂತ ಹೆಚ್ಚಾದರೆ ನಿಲ್ಲುವುದಿಲ್ಲ” ಎಂದು ಹೇಳಬಲ್ಲ ವಿದ್ಯಾರ್ಥಿ ತನ್ನ ತೀರ್ಮಾನದ ಗಡಿಯನ್ನು ಬಲ್ಲವನು. ತೀರ್ಪುಗಾರರು ಹೇಳಿದ ಆಕ್ಷೇಪಣೆ ಸರಿಯಾಗಿದ್ದರೆ ಒಪ್ಪಿಕೊಳ್ಳಲು ಹಿಂಜರಿಯಬೇಡಿ, ಆದರೆ ಒಂದೇ ಆಕ್ಷೇಪಣೆಗೆ ಇಡೀ ಶಿಫಾರಸನ್ನು ಕೈಬಿಡಬೇಡಿ. ಕೆಲವರು ನಿಮ್ಮ ದೃಢತೆಯನ್ನು ನೋಡಲೆಂದೇ ಆಕ್ಷೇಪಿಸುತ್ತಾರೆ.

ಪ್ರಶ್ನೆ: ಕೇಸ್ ನಿಜವಾದ ಕಂಪನಿಯದಾಗಿದ್ದರೆ, ಅದು ಮುಂದೆ ಏನು ಮಾಡಿತೆಂದು ಹುಡುಕಿ ಅದನ್ನೇ ಶಿಫಾರಸು ಮಾಡಬಹುದೇ?

ಉತ್ತರ: ಬೇಡ. ಹಲವು ಕೇಸ್‌ಗಳು ‘ಎ’ ಮತ್ತು ‘ಬಿ’ ಎಂಬ ಭಾಗಗಳಲ್ಲಿ ಬರುತ್ತವೆ. ‘ಎ’ ಭಾಗ ನಿರ್ಧಾರದ ಹೊಸ್ತಿಲಲ್ಲಿ ನಿಲ್ಲುತ್ತದೆ, ಮುಂದೇನಾಯಿತೆಂಬುದು ‘ಬಿ’ ಭಾಗದಲ್ಲಿರುತ್ತದೆ. ಹೀಗೆ ಬೇರ್ಪಡಿಸಿರುವುದಕ್ಕೆ ಕಾರಣವಿದೆ. ಕಂಪನಿ ಮಾಡಿದ್ದು ಸರಿಯಾದ ಉತ್ತರವೆಂದೇನೂ ಇಲ್ಲ. ಒಳ್ಳೆಯ ನಿರ್ಧಾರಕ್ಕೆ ಕೆಟ್ಟ ಫಲ ಬರಬಹುದು, ದುಡುಕಿನ ನಿರ್ಧಾರ ಅದೃಷ್ಟದಿಂದ ಫಲಿಸಿರಬಹುದು. ಆ ದಿನ ಆ ಅಧಿಕಾರಿಯ ಮುಂದಿದ್ದ ಮಾಹಿತಿಯಿಂದ ನಿರ್ಧಾರಕ್ಕೆ ಬರುವುದನ್ನು ಕಲಿಯಲೆಂದೇ ನೀವು ಈ ಸ್ಪರ್ಧೆಗೆ ಬಂದಿರುವುದು.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಬಳಸಬಹುದೇ?

ಉತ್ತರ: ನಿಯಮ ಬೇಡವೆಂದರೆ ಖಂಡಿತ ಬೇಡ, ಕೆಲವು ಕಡೆ ಇಂಟರ್ನೆಟ್ಟೇ ಇರುವುದಿಲ್ಲ. ಅನುಮತಿ ಇದ್ದರೆ ನಿಮ್ಮ ವಾದದ ತೂತುಗಳನ್ನು ಹುಡುಕಲು, ತೀರ್ಪುಗಾರರು ಕೇಳಬಹುದಾದ ಪ್ರಶ್ನೆಗಳನ್ನು ಪಟ್ಟಿ ಮಾಡಲು ಬಳಸಿ. ಶಿಫಾರಸನ್ನು ಮಾತ್ರ ಅದರಿಂದ ಪಡೆಯಬೇಡಿ. ಆ ಯಂತ್ರ ಯಾವ ಕೇಸ್‌ಗೂ ಹೊಂದುವಂಥ ಮಾತನ್ನು ಸರಾಗವಾಗಿ ಬರೆದುಕೊಡುತ್ತದೆ, ಕೇಸ್‌ನಲ್ಲಿಲ್ಲದ ಅಂಕಿಯನ್ನೂ ಅಷ್ಟೇ ಸರಾಗವಾಗಿ ಸೇರಿಸಬಲ್ಲದು. ಅದು ಎಲ್ಲಿಂದ ಬಂತೆಂದು ತೀರ್ಪುಗಾರರು ಕೇಳಿದಾಗ ಉತ್ತರಿಸಬೇಕಾದವರು ನೀವು.

ಪ್ರಶ್ನೆ: ನಾನು ಉಪನ್ಯಾಸಕಿ. ವಿದ್ಯಾರ್ಥಿಗಳ ತಂಡಕ್ಕೆ ತರಬೇತಿ ಕೊಡುವ ಹೊಣೆ ನನ್ನ ಮೇಲಿದೆ. ಎಲ್ಲಿಂದ ಆರಂಭಿಸಲಿ? ಗೆಲ್ಲದವರಿಗೂ ಇದರಿಂದ ಪ್ರಯೋಜನವಿದೆಯೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಪ್ರಯೋಜನವಿದೆ, ಆದರೆ ಅದು ತಾನಾಗಿ ಬರುವುದಿಲ್ಲ. ಸ್ಪರ್ಧೆಗಳಿಗೆ ಒಂದು ಮಿತಿ ಉಂಟು: ನಿಜವಾದ ಸಂಸ್ಥೆಯಲ್ಲಿ ಸಮಸ್ಯೆಯನ್ನು ಯಾರೂ ಇಪ್ಪತ್ತು ಪುಟಗಳಲ್ಲಿ ಬರೆದು ಕೈಗಿಡುವುದಿಲ್ಲ, ನೀವು ನಿರ್ಧರಿಸಿದ್ದರ ಫಲವನ್ನು ನೀವೇ ಅನುಭವಿಸಬೇಕಾಗುತ್ತದೆ. ಈ ಎರಡನ್ನೂ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರಬೇಕು, ಇಲ್ಲವಾದರೆ ಹದಿನೈದು ಸ್ಲೈಡ್‌ಗಳಲ್ಲಿ ಯಾವ ಸಂಸ್ಥೆಯನ್ನಾದರೂ ಸರಿಪಡಿಸಬಹುದೆಂಬ ಭ್ರಮೆಯೊಂದಿಗೆ ಅವರು ಹೊರಬರುತ್ತಾರೆ.

ತರಬೇತಿಯನ್ನು ಸ್ಲೈಡ್‌ಗಳಿಂದ ಆರಂಭಿಸಬೇಡಿ. ಮೊದಲ ಕೆಲವು ವಾರ ಕಂಪ್ಯೂಟರ್ ಇಲ್ಲದೆ, ಕೇಸ್ ಓದಿ ಒಂದೇ ಪುಟದಲ್ಲಿ ಸಮಸ್ಯೆ, ತೀರ್ಮಾನ, ಮೂರು ಕಾರಣ, ಒಂದು ಅಪಾಯ ಇಷ್ಟನ್ನೇ ಕೈಯಲ್ಲಿ ಬರೆಸಿ. ಮಾತನಾಡಲು ಸಂಕೋಚಪಡುವ ವಿದ್ಯಾರ್ಥಿಗಳು ಎಷ್ಟು ಚೆನ್ನಾಗಿ ಯೋಚಿಸುತ್ತಾರೆಂಬುದು ಆ ಪುಟಗಳ ಮೂಲಕ ನಿಮಗೆ ತಿಳಿಯುತ್ತದೆ, ತಂಡವನ್ನು ಆರಿಸುವುದೂ ಸುಲಭವಾಗುತ್ತದೆ. ಒಂದೇ ಬಗೆಯ ನಾಲ್ವರನ್ನು ಆರಿಸದೆ, ಲೆಕ್ಕ ಬಲ್ಲವರು, ಜನರ ನಡವಳಿಕೆಯನ್ನು ಗಮನಿಸುವವರು, ಎಲ್ಲವನ್ನೂ ಅನುಮಾನಿಸುವ ಒಬ್ಬರು ಇರುವಂತೆ ನೋಡಿ. ಅನುಮಾನಿಸುವ ವಿದ್ಯಾರ್ಥಿಯನ್ನು ತಂಡ ಮೊದಮೊದಲು ಇಷ್ಟಪಡುವುದಿಲ್ಲ. ಪ್ರಶ್ನೋತ್ತರದ ಸುತ್ತಿನಲ್ಲಿ ಅವರ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ.

ಆಮೇಲೆ ಗಡಿಯಾರ ಇಟ್ಟು ಮೂರು ಗಂಟೆಯ ಅಭ್ಯಾಸ ಮಾಡಿಸಿ, ಬೇರೆ ವಿಭಾಗದ ಸಹೋದ್ಯೋಗಿಗಳನ್ನು ತೀರ್ಪುಗಾರರಾಗಿ ಕೂರಿಸಿ. ವಿಷಯ ಗೊತ್ತಿಲ್ಲದ ರಸಾಯನಶಾಸ್ತ್ರದ ಅಧ್ಯಾಪಕರು ಕೇಳುವ “ಇದು ಏಕೆ?” ಎಂಬ ಸರಳ ಪ್ರಶ್ನೆಗೆ ತಂಡ ತಬ್ಬಿಬ್ಬಾಗುವುದನ್ನು ನೋಡಿದರೆ ಯಾವ ಭಾಗವನ್ನು ಬಿಗಿಗೊಳಿಸಬೇಕೆಂಬುದು ತಿಳಿಯುತ್ತದೆ. ಒಂದು ವಾರದ ನಂತರ ಅದೇ ಕೇಸ್ ಅನ್ನು ಅದೇ ತಂಡಕ್ಕೆ ಮತ್ತೆ ಕೊಡಿ, ಈ ಸಲ ಅವರು ಮೊದಲು ಬಿಟ್ಟಿದ್ದ ಪರ್ಯಾಯದ ಪರವಾಗಿ ಪೂರ್ತಿ ಪ್ರೆಸೆಂಟೇಷನ್ ಮಾಡಲಿ.